ಪೊಟ್ಟಣದ ಪುಡಿಯೋ, ಮನೆಯಲ್ಲಿ ಹುರಿದ ಬೀಜವೋ?

ಬೆಳೆಗಾರ ಬಂಧುಗಳ ಮನೆಗಳಿಗೆ ಹೋದಾಗ ನಾವು ಕಾಣುವ ಒಂದು ಸಂಗತಿ ವಿಚಿತ್ರವಾದುದು. ಹೊರಗೆ ಕಣದಲ್ಲಿ ಚೆರಿ ಒಣಗುತ್ತಿರುತ್ತದೆ. ಒಳಗೆ ಅಡಿಗೆಮನೆಯ ಡಬ್ಬದಲ್ಲಿ ಪೇಟೆಯಿಂದ ತಂದ ಪೊಟ್ಟಣದ ಪುಡಿ ಇರುತ್ತದೆ. ಅಡಿಕೆ ಬೆಳೆಗಾರನು ತನ್ನ ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ, ಮಾಲು ಎಂಥದೆಂದು ತಾನೇ ಹೇಳಬಲ್ಲ. ಕಾಫಿಯ ವಿಷಯದಲ್ಲಿ ನಮ್ಮಲ್ಲಿ ಹಲವರಿಗೆ ತೂಕ ಗೊತ್ತು, ದರ ಗೊತ್ತು, ರುಚಿ ಮಾತ್ರ ಗೊತ್ತಿಲ್ಲ. ಈ ಕಾರಣದಿಂದ, ಪೊಟ್ಟಣದ ಪುಡಿಯನ್ನು ಬಿಟ್ಟು ಸ್ವಂತ ಬೀಜವನ್ನು ಮನೆಯಲ್ಲೇ ಹುರಿದುಕೊಳ್ಳುವುದು ಲೇಸೇ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಪರಿಶೀಲಿಸೋಣ.

ಮೊದಲು ಪೊಟ್ಟಣದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುವುದು ನ್ಯಾಯ. ಅದಕ್ಕೆ ಶ್ರಮವಿಲ್ಲ, ಹೊಗೆಯಿಲ್ಲ, ಪ್ರತಿದಿನವೂ ಒಂದೇ ರುಚಿ. ಹೆಚ್ಚಿನ ಪೊಟ್ಟಣಗಳಲ್ಲಿ ಚಿಕೋರಿ ಬೆರೆತಿರುತ್ತದೆ. ಇದು ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಕಾನೂನಿನಂತೆ ಇಂಥ ಮಿಶ್ರಣದಲ್ಲಿ ಕಾಫಿಯ ಅಂಶ ಶೇ. 51ಕ್ಕೆ ಕಡಮೆ ಇರಬಾರದು. ಎಷ್ಟೆಂಬುದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಓದಿ ನೋಡಿದ ಸದಸ್ಯರು ಕಡಮೆ.

ಈಗ ಲೆಕ್ಕ. 50 ಕಿಲೋ ಒಣ ಚೆರಿಯ ಒಂದು ಮೂಟೆಯಲ್ಲಿ ಸಿಪ್ಪೆ ಕಳೆದು ಸುಮಾರು ಅರ್ಧದಷ್ಟು, ಅಂದರೆ 25 ಕಿಲೋ ಬೀಜ ಸಿಕ್ಕುತ್ತದೆ. ಹುರಿಯುವಾಗ ತೂಕದಲ್ಲಿ ಶೇ. 15ರಿಂದ 20ರವರೆಗೆ ಇಳಿಯುತ್ತದೆ. ಉಳಿಯುವ ಪುಡಿ 20ರಿಂದ 21 ಕಿಲೋ, ತಿಂಗಳಿಗೆ 1.7 ಕಿಲೋದಷ್ಟಾಯಿತು. ಐದಾರು ಮಂದಿ ಎರಡು ಹೊತ್ತು ಕುಡಿಯುವ ಸಂಸಾರಕ್ಕೆ ವರ್ಷಕ್ಕೆ ಒಂದು ಮೂಟೆ ಚೆರಿ ಸಾಕು. ಆ ಮೂಟೆಯ ಇಂದಿನ ದರಕ್ಕೆ ಸಿಪ್ಪೆ ತೆಗೆಸುವ ಕೂಲಿ ಮತ್ತು ಉರುವಲಿನ ಖರ್ಚು ಸೇರಿಸಿ, ಹನ್ನೆರಡು ತಿಂಗಳ ಪೊಟ್ಟಣದ ಖರ್ಚಿನೊಂದಿಗೆ ಹೋಲಿಸಿ ನೋಡಬಹುದು. ಚೆರಿಯ ದರ ಏರಿದ ವರ್ಷ ಉಳಿತಾಯ ಅಷ್ಟಕ್ಕಷ್ಟೇ. ಆದ್ದರಿಂದ ಹಣ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಯಾರೂ ಈ ಕೆಲಸಕ್ಕೆ ಇಳಿಯಬೇಕಾಗಿಲ್ಲ.

ಹಾಗಾದರೆ ಯಾತಕ್ಕಾಗಿ? ನಮ್ಮದೇ ಅನುಭವವನ್ನು ಹೇಳುತ್ತೇವೆ. ಒಂದು ವರ್ಷ ಕೊಯ್ಲಿನ ನಡುವೆ ಆಳುಗಳು ಬಾರದೆ, ಕೊಯ್ದ ಹಣ್ಣು ಎರಡು ರಾತ್ರಿ ಚೀಲದಲ್ಲೇ ಉಳಿಯಿತು. ಮೂರನೆಯ ದಿನ ಕಣಕ್ಕೆ ಹರವಿದೆವು. ಒಣಗಿದ ಮೇಲೆ ಅದಕ್ಕೂ ಉಳಿದ ಚೆರಿಗೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕುತೂಹಲಕ್ಕೆಂದು ಎರಡನ್ನೂ ಬೇರೆ ಬೇರೆ ಕುಟ್ಟಿ, ಹುರಿದು, ಹಾಲು ಸಕ್ಕರೆ ಇಲ್ಲದೆ ಕುಡಿದು ನೋಡಿದೆವು. ಕೊಯ್ದ ಸಂಜೆಯೇ ಹರವಿದ ಹಣ್ಣಿನ ಕಾಫಿ ಹಿತವಾಗಿತ್ತು. ಇನ್ನೊಂದರಲ್ಲಿ ಹಳಸಿದ ಹಣ್ಣಿನ ಹುಳಿ ವಾಸನೆ. ಎರಡನೆಯ ಗುಟುಕು ಇಳಿಯಲಿಲ್ಲ. ಇಂಥ ಮಾಲನ್ನು ಒಳ್ಳೆಯದರೊಂದಿಗೆ ಬೆರೆಸಿ ಎಷ್ಟು ವರ್ಷ ಮಾರಿದ್ದೆವೋ ಎಂದು ನಮಗೆ ನಾಚಿಕೆಯಾಯಿತು.

ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಬ್ಬರ ಮಾಲು ಇನ್ನೊಬ್ಬರದರಲ್ಲಿ ಬೆರೆಯುತ್ತಿತ್ತು. 1996ರ ವೇಳೆಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಕೊಳ್ಳುವವನು ನಮ್ಮ ಮಾಲನ್ನು ನಮ್ಮದೆಂದೇ ತೂಗಿ, ಒಡೆದು ನೋಡುತ್ತಾನೆ. ಒಳ್ಳೆಯ ದರ್ಜೆಯದಾದರೆ ಕುಡಿದೂ ನೋಡುತ್ತಾನೆ. ಅವನಿಗೆ ತಿಳಿಯುವ ದೋಷ ಅವನಿಗಿಂತ ಮೊದಲು ನಮಗೆ ತಿಳಿದಿರಬೇಡವೇ? ಮಣ್ಣಿನ ಕಣದಲ್ಲಿ ಒಣಗಿಸಿದರೆ ಮಣ್ಣಿನ ವಾಸನೆ, ಅರೆ ಒಣಗಿದ್ದನ್ನು ಕಟ್ಟಿಟ್ಟರೆ ಬೂಷ್ಟು, ಗೊಬ್ಬರದ ಚೀಲದ ಪಕ್ಕದಲ್ಲಿಟ್ಟರೆ ಅದರ ವಾಸನೆ, ಎಳೆಗಾಯಿ ಸೇರಿದರೆ ಒಗರು: ಇವೆಲ್ಲವೂ ಲೋಟದಲ್ಲಿ ಬಾಯಿಬಿಟ್ಟು ಹೇಳುತ್ತವೆ.

ಒಮ್ಮೆಗೇ ಎಲ್ಲವನ್ನೂ ಮಾಡಹೊರಡುವುದು ಬೇಡ. ಮೊದಲ ಮೆಟ್ಟಿಲು, ಹುರಿದ ಬೀಜವನ್ನೇ ತಂದು ಮನೆಯಲ್ಲಿ ಬೇಕಾದಾಗ ಪುಡಿ ಮಾಡಿಕೊಳ್ಳುವುದು. ಪುಡಿಗಿಂತ ಬೀಜದಲ್ಲಿ ಪರಿಮಳ ಹೆಚ್ಚು ದಿನ ನಿಲ್ಲುವುದರಿಂದ ಇಷ್ಟರಲ್ಲೇ ವ್ಯತ್ಯಾಸ ತಿಳಿಯುತ್ತದೆ. ಎರಡನೆಯದು, ಸ್ವಂತ ಬೀಜವನ್ನು ಪೇಟೆಯಲ್ಲಿ ಕೂಲಿ ಕೊಟ್ಟು ಹುರಿಸುವುದು. ನಮ್ಮ ಬೀಜ ಬೇರೆಯದರೊಂದಿಗೆ ಬೆರೆಯದಂತೆ ಎದುರಿಗೇ ನಿಂತಿರಬೇಕು. ಮೂರನೆಯದು, ಕುಟ್ಟುವುದರಿಂದ ಹುರಿಯುವವರೆಗೆ ಎಲ್ಲವನ್ನೂ ಮನೆಯಲ್ಲೇ ಮಾಡುವುದು.

ಮೂರನೆಯದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಎರಡು ಮೂರು ಕಿಲೋ ಚೆರಿಯನ್ನು ಒರಳಿನಲ್ಲಿ ಕುಟ್ಟಿ ಕೇರಿದರೆ ಸಾಕು. ಕರಿ ಬೀಜ, ಒಡಕು, ಕಾಯಿಕೊರಕ ತೂತು ಮಾಡಿದ್ದನ್ನು ಆರಿಸಿ ತೆಗೆಯಬೇಕು. ದಪ್ಪ ಕಬ್ಬಿಣದ ಬಾಣಲೆಯಲ್ಲಿ ಒಂದು ಸಲಕ್ಕೆ ಅರ್ಧ ಕಿಲೋ ಮೀರದಂತೆ ಹಾಕಿ, ಹದವಾದ ಉರಿಯಲ್ಲಿ ಕೈ ಬಿಡದೆ ಆಡಿಸಬೇಕು. ಬೀಜ ಮೊದಲು ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಉರಿಯನ್ನನುಸರಿಸಿ ಹತ್ತು ಹದಿನೈದು ನಿಮಿಷಕ್ಕೆ ಚಟಪಟ ಸಿಡಿಯುವ ಸದ್ದು ಬರುತ್ತದೆ. ಆ ಸದ್ದು ಅಡಗಿದಾಗ ಇಳಿಸಿದರೆ ನಡುಹದ. ಮತ್ತೊಮ್ಮೆ ಸಣ್ಣಗೆ ಸಿಡಿಯತೊಡಗಿ ಮೈಮೇಲೆ ಎಣ್ಣೆ ಕಾಣಿಸಿದರೆ ಕಡುಹದ; ಅದನ್ನು ಮೀರಿದರೆ ಇದ್ದಿಲು. ಇಳಿಸಿದೊಡನೆ ಮೊರಕ್ಕೆ ಸುರಿದು ಗಾಳಿ ಹಾಕಿ ಆರಿಸಬೇಕು, ಇಲ್ಲವಾದರೆ ಒಳಗಿನ ಕಾವಿನಿಂದಲೇ ಸೀಯುತ್ತದೆ. ನಮ್ಮ ಮೊದಲ ಬಾಣಲೆ ಹೀಗೆಯೇ ಸೀದುಹೋಯಿತು. ಹೊಗೆ ಬರುವುದರಿಂದ ಗಾಳಿಯಾಡುವ ಜಾಗದಲ್ಲಿ ಮಾಡುವುದು ಕ್ಷೇಮ. ಅರೇಬಿಕಾ, ರೊಬಸ್ಟಾ ಎರಡೂ ಇದ್ದರೆ ಬೇರೆ ಬೇರೆ ಹುರಿದು ಬಳಿಕ ಬೆರೆಸಬೇಕು. ಎರಡೂ ಒಂದೇ ಹೊತ್ತಿಗೆ ಹದಕ್ಕೆ ಬರುವುದಿಲ್ಲ. ಹುರಿದ ಬೀಜ ಒಂದು ದಿನ ತಣಿದ ಮೇಲೆ ಪುಡಿ ಮಾಡಬೇಕು, ಅದೂ ವಾರಕ್ಕೆ ಬೇಕಾದಷ್ಟನ್ನು ಮಾತ್ರ.

ಮನೆಯ ಹಿರಿಯರಿಂದ ಆಕ್ಷೇಪಣೆ ಬಂದೇ ಬರುತ್ತದೆ. "ಇದಕ್ಕೆ ಬಣ್ಣವೇ ಇಲ್ಲವಲ್ಲಪ್ಪ, ಹಾಲು ಹಾಕಿದರೆ ಬೆಳ್ಳಗಾಗುತ್ತದೆ" ಎಂದು ನಮ್ಮ ಮನೆಯಲ್ಲೂ ಕೇಳಿದೆವು. ಅಂಥವರಿಗಾಗಿ ಸ್ವಲ್ಪ ಚಿಕೋರಿ ತಂದು ಬೆರೆಸುವುದರಲ್ಲಿ ತಪ್ಪಿಲ್ಲ. ಎಷ್ಟು ಬೆರೆಸಿದ್ದೇವೆಂಬುದು ಆಗ ನಮಗೇ ಗೊತ್ತಿರುತ್ತದೆ.

ನಮ್ಮ ಅಭಿಪ್ರಾಯವಿಷ್ಟು. ವಾರಕ್ಕೊಮ್ಮೆ ಒಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಮನೆಯವರು ಮೂರನೆಯ ಮೆಟ್ಟಿಲಿಗೆ ಬರಬಹುದು. ಕೈ ಸಾಲದ ಮನೆಯವರು ಮೊದಲೆರಡರಲ್ಲಿ ನಿಂತರೂ, ಇಲ್ಲವೆ ಪೊಟ್ಟಣದ ಪುಡಿಯನ್ನೇ ಮುಂದುವರಿಸಿದರೂ ದೋಷವಿಲ್ಲ. ಆದರೆ ಮಾಲು ಮಾರುವ ಮೊದಲು, ಪ್ರತಿ ಕೊಯ್ಲಿನಿಂದ ಒಂದೊಂದು ಸೇರು ಚೆರಿಯನ್ನು ತಾರೀಖು ಬರೆದು ಬೇರೆಯಾಗಿಟ್ಟು, ಹುರಿದು ಕುಡಿದು ನೋಡುವುದನ್ನು ಮಾತ್ರ ಯಾರೂ ಬಿಡಬಾರದು. ಈ ಕೊಯ್ಲಿನಲ್ಲಿ ಪ್ರಯತ್ನಿಸಿದ ಸದಸ್ಯರು ತಮಗೆ ತಿಳಿದುಬಂದ ಗುಣದೋಷಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.