ನಾಲ್ಕು ಕೈ, ಇಪ್ಪತ್ನಾಲ್ಕು ಹೆಸರು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆ ನೋಡುತ್ತ ಪ್ರದಕ್ಷಿಣೆ ಬರುವವರಿಗೆ, ನಿಂತ ಭಂಗಿಯ ವಿಷ್ಣುಮೂರ್ತಿಗಳು ಒಂದರಂತೆ ಇನ್ನೊಂದು ಎನಿಸುವುದುಂಟು. ಕಿರೀಟ, ಆಭರಣ, ನಿಲುವು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ಕೈಗಳಲ್ಲಿ. ಶಂಖ, ಚಕ್ರ, ಗದೆ, ಪದ್ಮಗಳಲ್ಲಿ ಯಾವುದು ಯಾವ ಕೈಯಲ್ಲಿದೆ ಎಂಬುದರ ಮೇಲೆ ಆತ ಕೇಶವನೋ, ನಾರಾಯಣನೋ, ಮಾಧವನೋ ಎಂಬುದು ತೀರ್ಮಾನವಾಗುತ್ತದೆ. ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ ಇದ್ದರೆ ಕೇಶವ ಎಂಬುದು ಪ್ರಚಲಿತ ಕ್ರಮ.

ಸಂಧ್ಯಾವಂದನೆಯಲ್ಲಿ ಹೇಳುವ ಕೇಶವಾದಿ ನಾಮಗಳು 24. ಕೈಗಳ ಲೆಕ್ಕವೂ ಅಷ್ಟೇ. ಮೊದಲ ಕೈಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಬಹುದು. ಕೊಟ್ಟದ್ದನ್ನು ಮತ್ತೆ ಕೊಡುವಂತಿಲ್ಲವಾದ್ದರಿಂದ ಎರಡನೆಯ ಕೈಗೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಉಳಿದ ಒಂದು. ಗುಣಿಸಿದರೆ 24. ಒಂದೇ ಆಯುಧ ಎಷ್ಟು ಕೈಗಳಲ್ಲಾದರೂ ಬರಬಹುದೆಂದಿದ್ದರೆ 4×4×4×4, ಅಂದರೆ 256 ರೂಪಗಳಾಗುತ್ತಿದ್ದವು.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಹುಟ್ಟಿದ ಭಾಸ್ಕರಾಚಾರ್ಯ 1150ರಲ್ಲಿ ರಚಿಸಿದ 'ಲೀಲಾವತಿ'ಯ ಅಂಕಪಾಶ ಪ್ರಕರಣದಲ್ಲಿ ಇದೇ ಪ್ರಶ್ನೆ ಇದೆ. ಹರಿಯ ನಾಲ್ಕು ಕೈಗಳಿಗೆ 24 ಬಗೆ. ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಅದಲುಬದಲು ಮಾಡಿದರೆ 36,28,800 ಬಗೆ.

ಅಂಕಿಗಳೇ ಮರುಕಳಿಸಿದರೆ? 2, 2, 1, 1 ಇವುಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆಂದು ಆತ ಕೇಳುತ್ತಾನೆ. ಅಂಕಿಗಳು ಬೇರೆ ಬೇರೆಯಾಗಿದ್ದರೆ 24. ಆದರೆ ಎರಡು 2ಗಳು ಜಾಗ ಬದಲಿಸಿಕೊಂಡರೆ ಹೊಸ ಸಂಖ್ಯೆ ಹುಟ್ಟದು, ಆದ್ದರಿಂದ ಅರ್ಧ. 1ಗಳಿಗೂ ಹಾಗೆಯೇ, ಮತ್ತೆ ಅರ್ಧ. ಉಳಿಯುವುದು 6. ಹೀಗೆಯೇ 4, 8, 5, 5, 5 ಇವುಗಳಿಂದ 120ನ್ನು 6ರಿಂದ ಭಾಗಿಸಿ 20.

ಈ ಲೆಕ್ಕ ಬರೀ ಬುದ್ಧಿಯ ಕಸರತ್ತಲ್ಲ. ಹಳೆಯ ಶಿಲ್ಪಗಳಲ್ಲಿ ಕೈ ಮುರಿದವು ಹಲವು. ಒಂದು ಕೈ ಹೋಗಿದ್ದರೂ ಉಳಿದ ಮೂರನ್ನು ನೋಡಿ ಕಳೆದುಹೋದುದನ್ನು ಹೇಳಬಹುದು. ಮೂರ್ತಿಯ ಹೆಸರು ಉಳಿಯುತ್ತದೆ. ಎರಡು ಹೋದರೆ ಎರಡು ಹೆಸರುಗಳ ನಡುವೆ ಅನುಮಾನ, ಮೂರು ಹೋದರೆ ಆರರ ನಡುವೆ. ಪುನರಾವರ್ತನೆಗೆ ಅವಕಾಶವಿದ್ದಿದ್ದರೆ ಒಂದೇ ಕೈ ಮುರಿದರೂ ನಾಲ್ಕು ರೂಪಗಳ ನಡುವೆ ತಡಕಾಡಬೇಕಾಗುತ್ತಿತ್ತು. ಯಾವ ಜೋಡಣೆಗೆ ಯಾವ ಹೆಸರೆಂಬ ವಿಷಯದಲ್ಲಿ ಗ್ರಂಥಗಳ ನಡುವೆ ಭಿನ್ನತೆಗಳಿವೆ, ನಿಜ. ಆದರೆ ಮುರಿದ ಕೈಯಲ್ಲಿ ಏನಿತ್ತೆಂದು ತಿಳಿಯಲು ಗ್ರಂಥ ಬೇಡ. 'ಒಮ್ಮೆ ಬಂದುದು ಮತ್ತೆ ಬರಬಾರದು' ಎಂಬ ಕಟ್ಟುಪಾಡೊಂದೇ ಸಾಕು.