ಶಿರಾ ಗೇಟ್: ಶಾಲೆಯ ಬಾಗಿಲಿಗೆ ಬರುವ ಡಾಕ್ಟರು

ತುಮಕೂರಿನಲ್ಲಿ ದಾರಿ ಕೇಳಿದವರಿಗೆ ಗೇಟಿನ ಹೆಸರು ಹೇಳುವುದು ರೂಢಿ. ಗುಬ್ಬಿ ಕಡೆಗೆ ಹೊರಟರೆ ಗುಬ್ಬಿ ಗೇಟ್, ಶಿರಾ ಕಡೆಗೆ ಹೊರಟರೆ ಶಿರಾ ಗೇಟ್. ಹೆದ್ದಾರಿಯ ಲಾರಿಗಳು ಬೈಪಾಸಿಗೆ ಸರಿದುಹೋದರೂ ಶಿರಾ ಗೇಟಿನ ಗಡಿಬಿಡಿ ಕಡಿಮೆಯಾಗಿಲ್ಲ. ಶಿರಾ, ಹಿರಿಯೂರು ಬಸ್ಸಿಗೆ ಕೈ ಅಡ್ಡ ಹಿಡಿಯುವವರು ಇಲ್ಲಿದ್ದಾರೆ. ಇದೇ ದಾರಿಯಲ್ಲಿ ಮುಂದಿರುವ ವಸಂತನರಸಾಪುರದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರೂ ಇದ್ದಾರೆ. ಗಾರೆ ಕೆಲಸ, ಮನೆಗೆಲಸ, ತಳ್ಳುಗಾಡಿಯ ವ್ಯಾಪಾರ ಎಂದು ಬೆಳಕು ಹರಿಯುವ ಮೊದಲೇ ಮನೆಗೆ ಬೀಗ ಹಾಕುವ ಕುಟುಂಬಗಳಿಗೆ ನಗರದಲ್ಲಿ ಗುರುತಿರುವ ಸರ್ಕಾರಿ ಕಟ್ಟಡ ಬಹುಪಾಲು ಒಂದೇ: ಮಕ್ಕಳು ಹೋಗುವ ಶಾಲೆ.

ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಶಾಲೆಗಾದರೆ ಮಗು ದಿನವೂ ಹೋಗುತ್ತದೆ. ಮಗುವಿನ ಜೊತೆಗೆ ಆ ಮನೆಯ ಆರೋಗ್ಯ, ಹಸಿವು, ನೀರು ಎಲ್ಲವೂ ಶಾಲೆಯ ಒಳಗೆ ಬರುತ್ತವೆ. ನೋಡುವ ಕಣ್ಣಿದ್ದರೆ ಕಾಣುತ್ತವೆ.

ಆ ಕಣ್ಣು ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಶಾಲೆಗೆ ವರ್ಷಕ್ಕೆ ಒಂದು ಸಲ, ಅಂಗನವಾಡಿಗೆ ಎರಡು ಸಲ ಈ ತಂಡ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂಬ ನಾಲ್ಕನ್ನು ಹುಡುಕುವುದು ತಂಡದ ಕೆಲಸ.

ತಪಾಸಣೆಯ ದಿನ ತರಗತಿಯ ಬೆಂಚುಗಳು ಗೋಡೆಗೆ ಸರಿಯುತ್ತವೆ. ಚಪ್ಪಲಿ ಕಳಚಿ ತೂಕದ ಯಂತ್ರದ ಮೇಲೆ ನಿಂತ ಮಗು ಮುಳ್ಳನ್ನು ನೋಡಲು ಬಗ್ಗುತ್ತದೆ, ನರ್ಸ್ ನೇರ ನಿಲ್ಲಿಸುತ್ತಾರೆ. ಗೋಡೆಗೆ ಅಂಟಿಸಿದ ಅಕ್ಷರದ ಪಟದಿಂದ ಅಳತೆಯ ದೂರದಲ್ಲಿ ನಿಲ್ಲಿಸಿ ಒಂದು ಕಣ್ಣು ಮುಚ್ಚಿಸಿ ಓದಿಸುತ್ತಾರೆ. ಬೋರ್ಡಿನ ಮೇಲೆ ಬರೆದದ್ದನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ ಹುಡುಗ ದಡ್ಡನಲ್ಲ, ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ ಎಂಬುದು ಗೊತ್ತಾಗುವುದು ಇಂಥ ಹೊತ್ತಿನಲ್ಲಿ. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರೆ ರಕ್ತ ಕಮ್ಮಿ ಇರುವುದು ಬಿಳಿಚಿದ ಬಣ್ಣದಲ್ಲೇ ಕಾಣುತ್ತದೆ. ಆಮೇಲೆ ಬಾಯಿ ತೆರೆಸಿ ಟಾರ್ಚ್ ಬಿಡುತ್ತಾರೆ.

ಈ ಜಿಲ್ಲೆಯಲ್ಲಿ ಟಾರ್ಚಿನ ಬೆಳಕಿಗೆ ಕಾಣುವುದು ಹುಳುಕು ಹಲ್ಲು ಮಾತ್ರವಲ್ಲ. ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿಯುತ್ತ ಬೆಳೆದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಮೇಲೆ ಅದರ ಗುರುತು ಬೀಳುತ್ತದೆ. ಮೊದಲು ಸುಣ್ಣ ಬಳಿದಂತೆ ಬಿಳಿಯ ಮಚ್ಚೆ, ಹೆಚ್ಚಾದರೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಊರು ಬಿಟ್ಟು ಶಿರಾ ಗೇಟಿಗೆ ಬಂದು ನಗರದ ನೀರು ಕುಡಿದರೂ ಹೋಗುವುದಿಲ್ಲ. ಮಗು ಚಿಕ್ಕಂದಿನಲ್ಲಿ ಯಾವ ಬಾವಿಯ ನೀರು ಕುಡಿಯಿತು ಎಂಬುದು ಅದರ ಬಾಯಲ್ಲೇ ಬರೆದಿರುತ್ತದೆ.

ಹಲ್ಲಿನ ಕಲೆಯನ್ನು ನೋಡಿ ಮಕ್ಕಳು ನಗುತ್ತಾರೆ, ನಕ್ಕರೆಂದು ಆ ಮಗು ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುತ್ತದೆ. ಆ ಕಲೆ ಸೋಮಾರಿತನದ ಗುರುತಲ್ಲ, ನೀರಿನ ಗುರುತು ಎಂದು ಇಡೀ ತರಗತಿಗೆ ಬಿಡಿಸಿ ಹೇಳುವ ಟೀಚರ್ ಒಬ್ಬರಿದ್ದರೆ ಅದೇ ಅರ್ಧ ಚಿಕಿತ್ಸೆ. ಉಳಿದರ್ಧ ಮನೆಗೆ ತಲುಪಬೇಕಾದ ಮಾತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಜೆಗೆ ಊರಿಗೆ ಹೋದಾಗಲೂ ಚಿಕ್ಕ ಮಕ್ಕಳಿಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಕೊಡಬೇಕು. ಹಾಲಿನಲ್ಲಿರುವ ಕ್ಯಾಲ್ಸಿಯಂ, ಫ್ಲೋರೈಡ್ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ.

ಹಾಲು ಶಾಲೆಯಲ್ಲೇ ಇದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ಮಗುವೊಂದಕ್ಕೆ 150 ಮಿಲಿ ಬಿಸಿ ಹಾಲು ಸಿಗುತ್ತದೆ. 2024ರ ಫೆಬ್ರುವರಿಯಿಂದ ವಾರದಲ್ಲಿ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ಮೊಟ್ಟೆ ವಾರಕ್ಕೆ ಆರು ದಿನವಾಯಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಧ್ಯಾಹ್ನದ ಊಟಕ್ಕೆ ಕಿರಿಯ ಮಕ್ಕಳಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್, ಹಿರಿಯರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಎಂಬ ಲೆಕ್ಕವಿದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡುವ ತಾಯಿಗೆ ಮಗು ಹಸಿದಿಲ್ಲ ಎಂಬ ಧೈರ್ಯ ಕೊಡುವುದು ಈ ಅಡುಗೆಮನೆ.

ಸೋಮವಾರ ಕಬ್ಬಿಣಾಂಶದ ಮಾತ್ರೆಯ ದಿನ. ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ, ಊಟ ಮುಗಿಸಿಯೇ ನುಂಗಬೇಕು. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಹುಳದ ಮಾತ್ರೆ, 400 ಮಿಲಿಗ್ರಾಂ ಆಲ್ಬೆಂಡಜೋಲ್, ಜಗಿದು ತಿನ್ನುವಂಥದ್ದು. ಶಾಲೆಗೆ ಬರದ ಮಕ್ಕಳನ್ನು ಆಶಾ ಕಾರ್ಯಕರ್ತೆಯರು ಅಂಗನವಾಡಿಗೆ ಕರೆತಂದು ಕೊಡಿಸುತ್ತಾರೆ. ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯ ನ್ಯಾಪ್‌ಕಿನ್. ಹದಿಹರೆಯದ ಸಂಕೋಚದ ಪ್ರಶ್ನೆಗಳಿಗೆ ಆರೋಗ್ಯ ಕೇಂದ್ರದ ಸ್ನೇಹ ಕ್ಲಿನಿಕ್.

ಶಾಲೆಯಲ್ಲೇ ಮಕ್ಕಳ ಆರೋಗ್ಯ ನೋಡುವುದು ಹೊಸ ಯೋಚನೆಯಲ್ಲ. ಭಾರತದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ಬ್ರಿಟನ್ ಅದಕ್ಕೂ ಸ್ವಲ್ಪ ಮೊದಲು, 1906ರಲ್ಲಿ ಶಾಲೆಯ ಊಟಕ್ಕೂ ಮರುವರ್ಷ ಶಾಲೆಯ ತಪಾಸಣೆಗೂ ಕಾನೂನು ತಂದಿತ್ತು. ನಮ್ಮ ನಾಡಿನಲ್ಲಿ ಪಾಠ ಮತ್ತು ಮದ್ದನ್ನು ಒಂದೇ ಅಂಗಳಕ್ಕೆ ತಂದವರಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಮುಖ್ಯರು. ಸೋಲಿಗರ ನಡುವೆ 1981ರಲ್ಲಿ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲಿ ಆಸ್ಪತ್ರೆಯೂ ಶಾಲೆಯೂ ಒಟ್ಟಿಗೆ ಬೆಳೆದವು.

ತುಮಕೂರಿನವರು ಅಷ್ಟು ದೂರ ಹೋಗಬೇಕಿಲ್ಲ. ಊರಿನ ಇನ್ನೊಂದು ಕೊನೆಯ ಕ್ಯಾತ್ಸಂದ್ರದಲ್ಲಿ ಸಿದ್ಧಗಂಗಾ ಮಠವಿದೆ. 1917ರಲ್ಲಿ ಉದ್ದಾನ ಶಿವಯೋಗಿಗಳು ಅಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಶಿವಕುಮಾರ ಸ್ವಾಮೀಜಿಯವರ ಕಾಲಕ್ಕೆ ಅದು ಜಾತಿ ಧರ್ಮದ ಲೆಕ್ಕವಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುವ ನೆಲೆಯಾಯಿತು. ಶಾಲೆ ತೆರೆಯುವ ಹೊತ್ತಿಗೆ ತಗಡಿನ ಟ್ರಂಕು ಹೊತ್ತ ಅಪ್ಪಂದಿರು ಹಳ್ಳಿಹಳ್ಳಿಯಿಂದ ಅಲ್ಲಿಗೆ ಬರುತ್ತಾರೆ. ಶಿವರಾತ್ರಿಯ ಜಾತ್ರೆಯ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಮಕ್ಕಳ ಜೊತೆ ಮನೆಯವರೂ ಕಲಿತು ಹೋಗುತ್ತಾರೆ. ಸ್ವಾಮೀಜಿ ಲಿಂಗೈಕ್ಯರಾದ ಜನವರಿ 21 ಈಗ ರಾಜ್ಯದಲ್ಲಿ ದಾಸೋಹ ದಿನ.

ಸರ್ಕಾರಿ ಶಾಲೆ ಮನೆಮಂದಿಯ ಶಾಲೆಯೂ ಆಗಬಲ್ಲದು ಎಂಬುದು ಕೋವಿಡ್ ಕಾಲದಲ್ಲಿ ಕಣ್ಣಾರೆ ಕಂಡಿತು. ತರಗತಿ ಮುಚ್ಚಿದಾಗ ಬಿಸಿಯೂಟದ ಅಕ್ಕಿ ಬೇಳೆ ಮನೆಗಳಿಗೆ ಹೋಯಿತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆಯಡಿ ಶಿಕ್ಷಕರು ವಠಾರಗಳಿಗೆ ಹೋಗಿ ಪಾಠ ಮಾಡಿದರು. 2022ರ ಜನವರಿ 3ರಿಂದ 15 ದಾಟಿದ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕಿದರು. ಪೋಲಿಯೊ ಹನಿಗೂ ಮತದಾನಕ್ಕೂ ಜನ ಬರುವುದು ಇದೇ ಕೊಠಡಿಗಳಿಗೆ.

ಹಾಗಿದ್ದೂ ಸಂಜೆಯ ಗಂಟೆ ಹೊಡೆದ ಮೇಲೆ ಗೇಟಿಗೆ ಬೀಗ ಬೀಳುತ್ತದೆ. ಕಾರ್ಖಾನೆಯ ತಾಯಿ ಶಿರಾ ಗೇಟಿನಲ್ಲಿ ಬಸ್ಸಿಳಿಯುವುದು ಕತ್ತಲಾಗುವ ಹೊತ್ತಿಗೆ. ನಡುವಿನ ಎರಡು ಗಂಟೆ ಮಗು ಬೀದಿಯಲ್ಲಿ. ಇಂಗ್ಲೆಂಡಿನಲ್ಲಿ 2000ದ ದಶಕದಲ್ಲಿ ‘ವಿಸ್ತೃತ ಶಾಲೆ’ ಎಂಬ ಯೋಜನೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಕ್ಕಳ ಆರೈಕೆಯ ಹೊಣೆಯನ್ನು ಶಾಲೆಯ ಸುತ್ತಲೇ ಕಟ್ಟಿತು. ಇಲ್ಲಿ ಅದಕ್ಕೆ ಬೇಕಾದವರು ಹತ್ತಿರದಲ್ಲೇ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಸದಸ್ಯರು ಪೋಷಕರು, ಸಮಿತಿಯ ಅರ್ಧದಷ್ಟು ಮಹಿಳೆಯರು. ಶಿರಾ ರಸ್ತೆಯಲ್ಲೇ ಶ್ರೀದೇವಿ ವೈದ್ಯಕೀಯ ಕಾಲೇಜಿದೆ, ನಗರದಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ. ಸಮುದಾಯ ವೈದ್ಯಶಾಸ್ತ್ರ ಓದುವವರು ಹೇಗೂ ಆಸ್ಪತ್ರೆಯ ಗೋಡೆಯಾಚೆ ಕಲಿಯಲೇಬೇಕು. ವಾರಕ್ಕೊಂದು ಸಂಜೆ ಅವರು ಶಾಲೆಯಲ್ಲಿ ಕುಳಿತರೆ ಅಜ್ಜಿಯ ಬಿಪಿ, ಅಮ್ಮನ ರಕ್ತಹೀನತೆ, ತಮ್ಮನ ತೂಕ ಎಲ್ಲವನ್ನೂ ಕೂಲಿ ಕಳೆದುಕೊಳ್ಳದೆ ನೋಡಿಸಿಕೊಳ್ಳಬಹುದು.

ಈಗಿರುವ ಕಷ್ಟ ಚೀಟಿಯದು. ತಪಾಸಣೆಯಲ್ಲಿ ತೊಂದರೆ ಕಂಡರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಅದು ಜಾಮಿಟ್ರಿ ಬಾಕ್ಸಿನಲ್ಲಿ ಮಡಚಿಕೊಂಡು ಮನೆಗೆ ಹೋಗುತ್ತದೆ. ರಾತ್ರಿ ಒಲೆಯ ಮುಂದೆ ಮಗು ಅದನ್ನು ಬಿಡಿಸಿ ಅಮ್ಮನಿಗೆ ಓದಿ ಹೇಳುತ್ತದೆ. ಯಾವ ದಿನ ರಜೆ ಹಾಕುವುದು, ಯಾರನ್ನು ಕೇಳುವುದು ಎಂದು ಅಮ್ಮ ಲೆಕ್ಕ ಹಾಕುತ್ತಾಳೆ. ಮರುದಿನ ಬೆಳಿಗ್ಗೆ ಹಾಜರಿ ಕರೆಯುವಾಗ ಟೀಚರ್ ಕೇಳುವುದು ಅದನ್ನೇ: “ಚೀಟಿ ಅಮ್ಮನಿಗೆ ತೋರಿಸಿದ್ಯಾ? ಯಾವತ್ತು ಕರ್ಕೊಂಡ್ ಹೋಗ್ತಾರಂತೆ?”