ದೂರದ ಗಣಕಯಂತ್ರ, ಎದುರಿನ ಪರದೆ

(ಮ್ಯಾನ್‌ಹೈಮ್‌ನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರು ಗಣಕಯಂತ್ರದ ವಿಷಯವಾಗಿ ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅದರಲ್ಲಿಯೂ ಈ ಊರಿನ ಕನ್ನಡಿಗರಲ್ಲಿ ಆ ಕ್ಷೇತ್ರದಲ್ಲಿ ನುರಿತವರು ಅನೇಕರಿದ್ದಾರೆ. ಆದರೆ ಇಂದಿನ ಆಸ್ಪತ್ರೆಯಲ್ಲಿ ನಮ್ಮ ಕೈ ಸ್ಟೆತಾಸ್ಕೋಪಿನ ಮೇಲಿರುವುದಕ್ಕಿಂತ ಹೆಚ್ಚು ಹೊತ್ತು ಕೀಲಿಮಣೆಯ ಮೇಲೆಯೇ ಇರುತ್ತದೆ. ಆ ಪರದೆಯ ಹಿಂದೆ ನಡೆಯುವುದೇನು, ಅದನ್ನು ನಮ್ಮ ಅನುಕೂಲಕ್ಕೆ ಒಗ್ಗಿಸಿಕೊಳ್ಳುವಾಗ ಎಚ್ಚರ ಎಲ್ಲಿರಬೇಕು ಎಂಬುದು ತಂತ್ರಜ್ಞರ ಪ್ರಶ್ನೆಯಷ್ಟೇ ಅಲ್ಲ, ಬಳಸುವವರ ಪ್ರಶ್ನೆಯೂ ಹೌದು.

ಒಂದು ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ವಿದ್ಯೆ ಹೊಸದೇನಲ್ಲ. 1972ರಲ್ಲಿ ಐಬಿಎಂ ಸಂಸ್ಥೆ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಒಂದೇ ಬೃಹತ್ ಯಂತ್ರವನ್ನು ಹಂಚಿಕೊಂಡವರಲ್ಲಿ ಪ್ರತಿಯೊಬ್ಬರಿಗೂ ತಮಗೇ ಒಂದು ಯಂತ್ರವಿದ್ದಂತೆ ಅದು ಭಾಸವಾಗಿಸುತ್ತಿತ್ತು. ಅದೇ ವರ್ಷ ಐಬಿಎಂ ಬಿಟ್ಟು ಬಂದ ಐವರು ನಮ್ಮ ನೆರೆಯ ವೈನ್‌ಹೈಮ್‌ನಲ್ಲಿ ಸ್ಯಾಪ್ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಅದು ವಾಲ್‌ಡಾರ್ಫ್‌ಗೆ ಸ್ಥಳಾಂತರಗೊಂಡಿತು. 1992ರಲ್ಲಿ ಬಂದ ಸ್ಯಾಪ್ ಆರ್/3 ತಂತ್ರಾಂಶದಲ್ಲಿ ಲೆಕ್ಕವೂ ದಾಖಲೆಯೂ ದೂರದ ಸರ್ವರ್‌ನಲ್ಲಿದ್ದವು, ಪರದೆಯನ್ನು ಮೂಡಿಸುವ ಭಾಗ ಮಾತ್ರ ಮೇಜಿನ ಮೇಲಿನ ಯಂತ್ರದಲ್ಲಿತ್ತು. 1995ರಲ್ಲಿ ಸಿಟ್ರಿಕ್ಸ್ ಸಂಸ್ಥೆಯ ವಿನ್‌ಫ್ರೇಮ್, 1998ರಲ್ಲಿ ಮೈಕ್ರೋಸಾಫ್ಟ್‌ನ ಟರ್ಮಿನಲ್ ಸರ್ವರ್ ಬಂದ ಮೇಲೆ ಆ ಉಳಿದ ಭಾಗವೂ ಸರ್ವರ್‌ಗೆ ಹೋಗುವುದು ಸಾಧ್ಯವಾಯಿತು.

ಇದರ ಪರಿಣಾಮವೇನೆಂದರೆ, ವಾರ್ಡಿನ ಪರದೆಯಲ್ಲಿ ನಾವು ಕಾಣುವುದು ತಂತ್ರಾಂಶವನ್ನಲ್ಲ, ತಂತ್ರಾಂಶದ ಚಿತ್ರವನ್ನು. ನಾವು ಒತ್ತಿದ ಕೀಲಿ ಮತ್ತು ಮೌಸಿನ ಚಲನೆ ಅತ್ತ ಹೋಗುತ್ತವೆ; ಬದಲಾದ ಚಿತ್ರ ಇತ್ತ ಬರುತ್ತದೆ. ಒಂದು ವಾರ್ಡಿನಲ್ಲಿ ಬಿಟ್ಟ ಕೆಲಸವನ್ನು ಇನ್ನೊಂದು ವಾರ್ಡಿನಲ್ಲಿ ಅದೇ ಸ್ಥಿತಿಯಿಂದ ಮುಂದುವರಿಸಬಹುದು. ಮೇಜಿನ ಮೇಲಿನ ಯಂತ್ರವನ್ನು ಯಾರಾದರೂ ಕದ್ದೊಯ್ದರೂ ರೋಗಿಯ ದಾಖಲೆಗಳು ಅದರೊಳಗಿರುವುದಿಲ್ಲ. ಆಸ್ಪತ್ರೆಗಳಿಗೆ ಈ ಎರಡೂ ಗುಣಗಳು ಅಮೂಲ್ಯ.

ತೊಡಕು ಬರುವುದು ಸ್ಕ್ರಿಪ್ಟ್ ಬರೆಯುವಾಗ. ದಿನಕ್ಕೆ ಐವತ್ತು ಬಾರಿ ಅದೇ ನಾಲ್ಕು ಗುಂಡಿಗಳನ್ನು ಒತ್ತುವವರು, ಆ ಕೆಲಸವನ್ನು ಯಂತ್ರವೇ ಮಾಡಲಿ ಎಂದು ಬಯಸುವುದು ಸಹಜ. ಅದಕ್ಕೆ ಆಟೋಹಾಟ್‌ಕೀಯಂತಹ ಉಚಿತ ಸಾಧನಗಳಿವೆ. ಆದರೆ ನಮ್ಮ ಮೇಜಿನ ಯಂತ್ರದಲ್ಲಿ ಓಡುವ ಸ್ಕ್ರಿಪ್ಟಿಗೆ ದೂರದ ತಂತ್ರಾಂಶದ ಗುಂಡಿ ಕನ್ನಡಿಯೊಳಗಿನ ಗಂಟು. ಅದಕ್ಕೆ ಗುಂಡಿಯೆಂಬುದು ತಿಳಿಯದು, ಬಣ್ಣದ ಚುಕ್ಕೆಗಳು ಮಾತ್ರ ತಿಳಿಯುತ್ತವೆ. ಎಕ್ಸ್-ರೇ ಚಿತ್ರಕ್ಕೆ ಸೂಜಿ ಚುಚ್ಚಿದರೆ ರೋಗಿಗೆ ಔಷಧ ತಲುಪುವುದಿಲ್ಲವಷ್ಟೆ! ಆದ್ದರಿಂದ ಇಂತಹ ಸ್ಕ್ರಿಪ್ಟುಗಳು ‘ಎಡದಿಂದ ಇಷ್ಟು, ಮೇಲಿನಿಂದ ಇಷ್ಟು’ ಎಂದು ಅಳತೆ ಹಿಡಿದು ಕ್ಲಿಕ್ ಮಾಡುತ್ತವೆ. ಕಿಟಕಿ ಒಂದು ಸಾಲಿನಷ್ಟು ಕೆಳಗೆ ಸರಿದಿದ್ದರೆ, ಅಥವಾ ಚಿತ್ರ ಅರೆಕ್ಷಣ ತಡವಾಗಿ ಬಂದರೆ, ಆ ಕ್ಲಿಕ್ ಪಕ್ಕದ ರೋಗಿಯ ಹೆಸರಿನ ಮೇಲೆ ಬೀಳಬಹುದು. ಕಚೇರಿಯಲ್ಲಿ ಅದು ತಪ್ಪು ರಶೀದಿ. ಆಸ್ಪತ್ರೆಯಲ್ಲಿ ಅದು ತಪ್ಪು ಔಷಧ.

ಇದಕ್ಕೆ ಪರಿಹಾರವನ್ನು ತಿಳಿಯಲು ಮ್ಯಾನ್‌ಹೈಮ್ ನಗರವೇ ಒಳ್ಳೆಯ ನಿದರ್ಶನ. ಇಲ್ಲಿನ ಹಳೆಯ ನಗರಭಾಗದಲ್ಲಿ ವಿಳಾಸ ಹೇಳುವುದು ಬೀದಿಯ ಹೆಸರಿನಿಂದಲ್ಲ; ಪ್ರತಿಯೊಂದು ಚೌಕಕ್ಕೂ ಒಂದು ಅಕ್ಷರ, ಒಂದು ಅಂಕಿ. ‘ಕ್ಯೂ 7’ ಎಂದರೆ ನಾವು ರೈಲು ನಿಲ್ದಾಣದಿಂದ ಹೊರಟರೂ ಅರಮನೆಯಿಂದ ಹೊರಟರೂ ಅದೇ ಸ್ಥಳ. ‘ಇಲ್ಲಿಂದ ನೂರು ಹೆಜ್ಜೆ ಎಡಕ್ಕೆ’ ಎಂಬ ಮಾತಾದರೋ ಹೊರಟ ಜಾಗ ಬದಲಾದೊಡನೆ ಸುಳ್ಳಾಗುತ್ತದೆ. ಸ್ಯಾಪ್ ಪರದೆಗಳಿಗೂ ಇಂತಹದೇ ಏರ್ಪಾಡಿದೆ. ಅದರ ಸ್ಕ್ರಿಪ್ಟಿಂಗ್ ಸೌಲಭ್ಯದಲ್ಲಿ ಪ್ರತಿಯೊಂದು ಕಿಟಕಿಗೂ ಗುಂಡಿಗೂ ತುಂಬಬೇಕಾದ ಖಾನೆಗೂ ತನ್ನದೇ ಗುರುತು ಇರುತ್ತದೆ. ನಾವು ಮಾಡಿದ ಕೆಲಸವನ್ನು ಅದು ಆ ಗುರುತುಗಳ ಮೂಲಕ ದಾಖಲಿಸಿಕೊಂಡು ಮತ್ತೆ ನಡೆಸಿ ತೋರಿಸಬಲ್ಲದು. ಆದರೆ ಆ ಗುರುತುಗಳನ್ನು ಓದಬೇಕಾದರೆ ಸ್ಕ್ರಿಪ್ಟು ತಂತ್ರಾಂಶದ ಜೊತೆಯಲ್ಲಿಯೇ, ಅಂದರೆ ದೂರದ ಡೆಸ್ಕ್‌ಟಾಪಿನ ಒಳಗೆ, ಓಡಬೇಕು. ಈ ಸೌಲಭ್ಯವನ್ನು ಸರ್ವರ್‌ನಲ್ಲಿ ಮೊದಲಿಗೆ ಮುಚ್ಚಿಯೇ ಇಟ್ಟಿರುತ್ತಾರೆ. ಆಡಳಿತಗಾರರು ತೆರೆದರೆ ಮಾತ್ರ ಲಭ್ಯ. ಇದನ್ನು ಕಿರುಕುಳವೆಂದು ಭಾವಿಸಬಾರದು. ಒಂದು ತಪ್ಪನ್ನು ಕ್ಷಣದಲ್ಲಿ ಸಾವಿರ ಬಾರಿ ಮಾಡುವ ಶಕ್ತಿಯೂ ಸ್ಕ್ರಿಪ್ಟಿಗಿದೆ. ಗುಪ್ತಪದವನ್ನು ಸ್ಕ್ರಿಪ್ಟಿನೊಳಗೆ ಬರೆದಿಡುವುದಂತೂ ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಇನ್ನು ನಮ್ಮ ಅಭಿರುಚಿಗೆ ತಕ್ಕ ಬದಲಾವಣೆಗಳ ವಿಚಾರ. ಅನೇಕ ಕಡೆ ಈ ಡೆಸ್ಕ್‌ಟಾಪುಗಳು ಛತ್ರದ ಕೋಣೆಯಿದ್ದಂತೆ. ನಾವು ಹೊರಟೊಡನೆ ಗುಡಿಸಿ ಮೊದಲಿನಂತೆ ಅಣಿಗೊಳಿಸುತ್ತಾರೆ. ಗೋಡೆಗೆ ನಾವು ಹೊಡೆದ ಮೊಳೆ ಮರುದಿನ ಇರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿಟ್ಟದ್ದು ಮಾತ್ರ ನಮ್ಮೊಡನೆ ಬರುತ್ತದೆ. ಆ ಪೆಟ್ಟಿಗೆಗೆ ‘ಯೂಸರ್ ಪ್ರೊಫೈಲ್’ ಎಂದು ಹೆಸರು. ಅಕ್ಷರದ ಗಾತ್ರ, ಸಮೀಪದ ಪ್ರಿಂಟರ್, ಕೀಲಿವಿನ್ಯಾಸ ಮುಂತಾದವು ಅದರಲ್ಲಿ ಉಳಿಯಬೇಕು, ಇಲ್ಲವೇ ಪ್ರವೇಶದ ವೇಳೆ ಓಡುವ ಲಾಗಿನ್ ಸ್ಕ್ರಿಪ್ಟು ಅವನ್ನು ಪ್ರತಿದಿನ ಹೊಸದಾಗಿ ಜೋಡಿಸಬೇಕು.

ಕೀಲಿವಿನ್ಯಾಸವೆಂದಾಗ ಜರ್ಮನಿಯ ಕನ್ನಡಿಗರಾದ ನಮಗೆ ವಿಶೇಷ ಕಾಳಜಿ ಇರಬೇಕು. ಜರ್ಮನ್ ಕೀಲಿಮಣೆಯಲ್ಲಿ ವೈ ಮತ್ತು ಝಡ್ ಅಕ್ಷರಗಳು ಇಂಗ್ಲಿಷ್ ಮಣೆಗೆ ಹೋಲಿಸಿದರೆ ಅದಲುಬದಲಾಗಿವೆ. ಸಾಮಾನ್ಯವಾಗಿ ಸರ್ವರ್‌ಗೆ ಹೋಗುವುದು ಅಕ್ಷರವಲ್ಲ, ಕೀಲಿಯ ಸಂಖ್ಯೆ. ಅದು ಯಾವ ಅಕ್ಷರವೆಂದು ತೀರ್ಮಾನಿಸುವುದು ಅಲ್ಲಿನ ವಿನ್ಯಾಸ. ಸರ್ವರ್ ಇಂಗ್ಲಿಷ್ ವಿನ್ಯಾಸದಲ್ಲಿದ್ದರೆ, ನಮ್ಮ ಮೂರ್ತಿಗಳೂ ಶೆಟ್ಟಿಗಳೂ ರೆಡ್ಡಿಗಳೂ ಹೆಸರಿನ ಕೊನೆಗೆ ವೈ ಒತ್ತಿದಾಗ ಝಡ್ ಬರುತ್ತದೆ. ನಗುವ ವಿಷಯವೇ, ಆದರೆ ತುರ್ತು ವಿಭಾಗದಲ್ಲಿ ಹೀಗೆ ಹೆಸರು ಹುಡುಕಿದವರಿಗೆ ‘ದಾಖಲೆ ಇಲ್ಲ’ ಎಂಬ ಉತ್ತರ ಸಿಕ್ಕಿ, ಆ ವ್ಯಕ್ತಿಗೆ ಪೆನಿಸಿಲಿನ್ ಒಗ್ಗದೆಂಬ ಹಳೆಯ ಟಿಪ್ಪಣಿ ಕಣ್ಣಿಗೆ ಬೀಳದೆ ಹೋದರೆ? ಕನ್ನಡದ ಮಾತೂ ಇದೇ. ಚಿತ್ರ ಸಿದ್ಧವಾಗುವುದು ಸರ್ವರ್‌ನಲ್ಲಾದ್ದರಿಂದ ಕನ್ನಡ ಅಕ್ಷರಶೈಲಿಯೂ ಕೀಲಿವಿನ್ಯಾಸವೂ ಅಲ್ಲಿಯೇ ಇರಬೇಕು. ನಮ್ಮ ಮೇಜಿನ ಯಂತ್ರದಲ್ಲಿದ್ದರೆ ಸಾಲದು.

ಕೊನೆಯದಾಗಿ, ಮನೆಯಲ್ಲಿ ಉಪಯೋಗಕ್ಕೆ ಬರುವ ಒಂದು ಮಾತು. ಯೂನಿಕೋಡ್ ರೂಢಿಗೆ ಬರುವ ಮುನ್ನ ಬರಹ, ನುಡಿ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳೂ ಸಂಚಿಕೆಗಳೂ ಅನೇಕರ ಹಳೆಯ ಡಿಸ್ಕುಗಳಲ್ಲಿವೆ. ತಕ್ಕ ಅಕ್ಷರಶೈಲಿ ಇಲ್ಲದೆ ತೆರೆದರೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಇಂದಿನ ಯಂತ್ರದೊಳಗೆ ವಿಂಡೋಸ್ ಎಕ್ಸ್‌ಪಿಯ ಒಂದು ವರ್ಚುವಲ್ ಯಂತ್ರವನ್ನು ಸ್ಥಾಪಿಸಿ, ಹಳೆಯ ತಂತ್ರಾಂಶದಲ್ಲಿಯೇ ಅವನ್ನು ತೆರೆಯಬಹುದು. 2014ರಿಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ ನಿಂತಿರುವುದರಿಂದ ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡಬಾರದು. ಯೂನಿಕೋಡ್‌ಗೆ ಪರಿವರ್ತಿಸುವ ಸ್ಕ್ರಿಪ್ಟು ಬರೆಯುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಧರ್ಮ’ ಎಂಬಲ್ಲಿ ಹಳೆಯ ಕ್ರಮವು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಮಕಾರದ ನಂತರ ಇಡುತ್ತದೆ. ಯೂನಿಕೋಡ್ ಉಚ್ಚಾರಣೆಯಂತೆ ರಕಾರವನ್ನು ಮೊದಲು ಇಡುತ್ತದೆ. ಚಿಹ್ನೆಗೆ ಚಿಹ್ನೆಯನ್ನು ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು.

ನಮ್ಮ ತಂದೆತಾಯಿಗಳು ಬರೆಸಿದ ಪತ್ರಗಳು ಅಂತಹ ಡಿಸ್ಕುಗಳಲ್ಲಿದ್ದರೆ, ಅವನ್ನು ಓದಬಲ್ಲ ಯಂತ್ರ ಮನೆಯಲ್ಲಿರುವಾಗಲೇ ಪ್ರತಿ ತೆಗೆದಿಡುವುದು ಲೇಸು. ಈ ಕೆಲಸದಲ್ಲಿ ಕೈಜೋಡಿಸಬಲ್ಲ ಯುವಕ ಯುವತಿಯರು ನಮ್ಮ ನಡುವೆ ಇದ್ದಾರೆ. ಹಿರಿಯರು ಸಂಕೋಚವಿಲ್ಲದೆ ಅವರನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ.